ಹೋಳಿಗೆಯ ಮುಂದೆ ಬಾಯಿ ಮುಚ್ಚಿಕೊಂಡು

ನಮ್ಮ ಜನರಿಗೆ ಬೇಡ ಎನ್ನಲು ಬರುವುದಿಲ್ಲ ಎಂಬ ಸಂಗತಿ ನನ್ನ ಕೆಲಸಕ್ಕೆ ಇಷ್ಟು ದೊಡ್ಡ ತೊಡಕಾಗುತ್ತದೆಂದು ನಾನು ಎಣಿಸಿರಲಿಲ್ಲ. ದೋಹಾದ ಓಲ್ಡ್ ಏರ್‌ಪೋರ್ಟ್ ಭಾಗದಲ್ಲಿ ಸಂಸಾರ ಹೂಡಿ, ಒಂದು ಸಂಶೋಧನಾ ಸಂಸ್ಥೆಗೆ ಸೇರಿದ ಮೇಲೆ ನನ್ನ ಪಾಲಿಗೆ ಬಂದದ್ದು ಸಕ್ಕರೆ ಕಾಯಿಲೆಯ ಅಧ್ಯಯನ. ಇಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಯಾರಿಗೆ ಸಕ್ಕರೆ ಏರಿದೆ, ಏರಿದ್ದು ಅವರಿಗೆ ಗೊತ್ತಿದೆಯೇ, ಗೊತ್ತಿದ್ದರೆ ಏನು ಮಾಡುತ್ತಿದ್ದಾರೆ, ಇಷ್ಟನ್ನು ತಿಳಿಯಬೇಕಿತ್ತು. ಕನ್ನಡ ಬರುತ್ತದೆ, ಎಲ್ಲರ ಅಡುಗೆಮನೆಯವರೆಗೂ ಪ್ರವೇಶವಿದೆ ಎಂದು ನನ್ನನ್ನೇ ಆರಿಸಿದರು. ನಮ್ಮವರ ಅಡುಗೆಮನೆಗೆ ಹೋದವಳು ಹೊಟ್ಟೆ ತುಂಬದೆ ಹೊರಗೆ ಬರುವಂತಿಲ್ಲ ಎಂಬುದು ಆರಿಸಿದವರಿಗೆ ಗೊತ್ತಿರಲಿಲ್ಲ.

ನಮ್ಮ ಮೇಡಂ ಆಸ್ಟ್ರೇಲಿಯಾದವರು. ಅಲ್ಲಿನ ನಗರಗಳಲ್ಲಿ ನೆಲೆಸಿರುವ ಮೂಲನಿವಾಸಿ ಕುಟುಂಬಗಳ ಜೊತೆ ಬಹಳ ವರ್ಷ ಆರೋಗ್ಯದ ಕೆಲಸ ಮಾಡಿ ಬಂದವರು. ಹಿಂದೆ ಅಲ್ಲಿಗೆ ಸಂಶೋಧಕರು ಬರುತ್ತಿದ್ದರಂತೆ, ರಕ್ತ ತೆಗೆದುಕೊಂಡು ಹೋಗುತ್ತಿದ್ದರಂತೆ. ಆ ರಕ್ತ ಏನಾಯಿತೆಂದು ಕೊಟ್ಟವರಿಗೆ ಯಾರೂ ತಿರುಗಿ ಬಂದು ಹೇಳಲಿಲ್ಲ. ಕೊನೆಗೆ ಆ ಜನ ಸಿಟ್ಟಾಗಿ ಬಾಗಿಲು ಹಾಕಿಕೊಂಡರು, ಆಮೇಲೆ ತಮ್ಮ ಷರತ್ತಿನ ಮೇಲೆ ತೆರೆದರು. ಏನು ಕೇಳಬೇಕು ಎಂಬುದನ್ನು ಅವರ ಹಿರಿಯರು ಕೂತು ತೀರ್ಮಾನಿಸಬೇಕು, ಬೇಡ ಎಂದರೆ ಬೇಡ, ತಿಳಿದದ್ದು ಮೊದಲು ಅವರಿಗೆ ತಲುಪಬೇಕು, ಒಬ್ಬರ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು. ಇಲ್ಲೂ ಹಾಗೆಯೇ ನಡೆಸೋಣ ಎಂದರು ಮೇಡಂ.

"ನಾವು ಇಲ್ಲಿನ ಮೂಲನಿವಾಸಿಗಳಲ್ಲ ಮೇಡಂ. ವೀಸಾ ಮುಗಿಯುವ ತನಕ ಇರುವವರು" ಎಂದೆ.

"ಅದು ನನಗೆ ಗೊತ್ತು. ಅವರ ನೆಲ, ಅವರು ಪಟ್ಟ ನೋವು ಬೇರೆ. ಆದರೆ ಒಬ್ಬರ ಮನೆಗೆ ಹೋಗಿ ಹೇಗೆ ಕೇಳಬೇಕು ಎಂಬುದನ್ನು ನನಗೆ ಕಲಿಸಿದವರು ಅವರು. ಬೇರೆ ಥರ ಕೇಳಲು ನನಗೆ ಬರುವುದಿಲ್ಲ" ಎಂದರು.

ಆ ಮಾತು ನನಗೆ ಹಿಡಿಸಿತು. ಹಾಗಾಗಿ ನಮ್ಮ ಹಿರಿಯರ ಸಮಿತಿಯೊಂದನ್ನು ಕಟ್ಟಿದೆ. ಅದರ ಮುಖ್ಯಸ್ಥರು ನಮ್ಮ ಬೀದಿಯ ಕಿರಾಣಿ ಅಂಗಡಿಯ ಹಾಜಿಯವರು. ದಕ್ಷಿಣ ಕನ್ನಡದಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಇಲ್ಲೇ ತಲೆ ನರೆಸಿಕೊಂಡವರು, ಯಾವ ಮನೆಯಲ್ಲಿ ಯಾವ ಅಕ್ಕಿ ಬೇಯುತ್ತದೆ ಎಂದು ಬಲ್ಲವರು. ಸಮಿತಿ ಸೇರುತ್ತಿದ್ದದ್ದು ಅವರ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಅಕ್ಕಿ ಮೂಟೆಗಳ ಮೇಲೆ. ಮೇಡಂಗೂ ಒಂದು ಮೂಟೆ ಒರೆಸಿ ಕೊಟ್ಟಿದ್ದರು. ಸಮಿತಿಯ ಇನ್ನೊಬ್ಬ ಸದಸ್ಯರು ನಮ್ಮ ಕಟ್ಟಡದ ಮೇಲಿನ ಮಹಡಿಯ ಅಣ್ಣ. ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಗದಗ ಸೀಮೆಯವರು, ನಮ್ಮೂರಿಗೆ ಹತ್ತಿರದವರು, ಅಷ್ಟು ಸಾಕಾಯಿತು. ಮೆಸಯೀದ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ಅವರು ಅಣ್ಣ ಆದ ಮೇಲೆ ಅವರ ಹೆಂಡತಿ ನನಗೆ ವೈನಿ. ನಮ್ಮ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತೇವೆ.

ಸಮಿತಿಯ ಮೊದಲ ತೀರ್ಮಾನವೇ ಮೇಡಂರನ್ನು ಬೆರಗುಗೊಳಿಸಿತು. ವಾರದಲ್ಲಿ ಎಷ್ಟು ಸಲ ಸಿಹಿ ತಿನ್ನುತ್ತೀರಿ ಎಂಬ ಪ್ರಶ್ನೆಯನ್ನು ಹಾಜಿಯವರು ಕಿತ್ತು ಹಾಕಿದರು. "ಅದಕ್ಕೆ ಸತ್ಯ ಯಾರು ಹೇಳ್ತಾರೆ ಅಕ್ಕಾ? ಪಕ್ಕದ ಮನೆಯವರು ಎಷ್ಟು ಸಲ ತಿಂತಾರೆ ಅಂತ ಕೇಳಿ. ಅದಾದ್ರೆ ಸರಿಯಾಗಿ ಹೇಳ್ತಾರೆ." ಮೂಟೆಗಳ ಮೇಲಿದ್ದವರೆಲ್ಲ ತಲೆಯಾಡಿಸಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇದು ಬಹಳ ಒಳ್ಳೆಯ ವಿಧಾನ, ಆದರೆ ಸಂಶೋಧನೆಗೆ ಅನುಮತಿ ಕೊಡುವ ನಮ್ಮ ಸಂಸ್ಥೆಯ ನೈತಿಕ ಸಮಿತಿ ನಮ್ಮನ್ನು ಜೀವಸಹಿತ ಬಿಡುವುದಿಲ್ಲ ಎಂದರು.

ಎರಡನೆಯ ಸಮಸ್ಯೆ ಸೂಜಿಯದು. ಬೆರಳು ಚುಚ್ಚುತ್ತಾರೆ ಎಂದ ಕೂಡಲೆ, ಬಿಸಿಲಲ್ಲಿ ಕಬ್ಬಿಣ ಎತ್ತುವ ಗಂಡಸರು ಗೋದಾಮಿನ ಬಾಗಿಲಿನತ್ತ ನೋಡತೊಡಗಿದರು. ಅವರಿಗೆ ಧೈರ್ಯ ತುಂಬಲು ಎಲ್ಲರೆದುರು ನನ್ನ ಬೆರಳನ್ನೇ ಚುಚ್ಚಿಕೊಂಡು ತೋರಿಸಿದೆ. ನೋಡಿ, ಇರುವೆ ಕಚ್ಚಿದಷ್ಟೂ ನೋವಿಲ್ಲ ಎಂದು ನಗುತ್ತಾ ಯಂತ್ರ ನೋಡಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಆದರೂ ಅದು ತೋರಿಸಿದ ಅಂಕಿ ಇರಬಾರದ ಅಂಕಿ.

"ಎಷ್ಟು ಬಂತವಾ ತಂಗಿ?" ಎಂದರು ಅಣ್ಣ, ಕುತ್ತಿಗೆ ಚಾಚಿ.

ಯಂತ್ರದ ಮೇಲೆ ಅಂಗೈ ಮುಚ್ಚಿ, "ಅದು ಗೌಪ್ಯ ಅಣ್ಣಾ. ಯಾರದ್ದನ್ನೂ ಯಾರಿಗೂ ಹೇಳಂಗಿಲ್ಲ, ನಂದನ್ನೂ" ಎಂದೆ. ಸಭೆಗೆ ಸಭೆಯೇ ಮೆಚ್ಚಿತು. ನಿಯಮವನ್ನು ಇಷ್ಟು ಚೆನ್ನಾಗಿ ವಿವರಿಸಿದವರನ್ನು ತಾನು ಕಂಡಿಲ್ಲ ಎಂದು ಮೇಡಂ ಬೆನ್ನು ತಟ್ಟಿದರು. ಮರುದಿನ ಆರೋಗ್ಯ ಕೇಂದ್ರಕ್ಕೆ ಹೋದೆ, ಗುಳಿಗೆ ಕೊಟ್ಟರು. ನನ್ನ ಗಂಡನಿಗೆ ಒಬ್ಬನಿಗೇ ಹೇಳಿದೆ. ಅವನಿಗೆ ಎಲ್ಲ ವಿಷಯವೂ ಗೊತ್ತಿರಬೇಕು, ಹೇಳದಿದ್ದರೆ ಚೀಲ ತಡಕುತ್ತಾನೆ. ಅಂದಿನಿಂದ ನನ್ನ ಚಹಾದ ಮೇಲೆ ಅವನದೇ ಕಾವಲು.

ಅಧ್ಯಯನ ಶುರುವಾಯಿತು. ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಎಲ್ಲರೂ ಒಪ್ಪಿದರು. ಒಬ್ಬರೂ ಬಿಡದೆ ಒಪ್ಪಿದ್ದು ಕಂಡು ಮೇಡಂಗೆ ಅನುಮಾನ ಬಂತು. ಯಾರೂ ಬೇಡ ಎನ್ನದಿದ್ದರೆ, ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ತಲುಪಿಲ್ಲ ಎಂದರ್ಥ ಎಂದರು. ಇದನ್ನು ಸಮಿತಿಯ ಮುಂದಿಟ್ಟೆ. ಹಾಜಿಯವರಿಗೆ ನೋವೇ ಆಯಿತು. "ಎಂತ ಹೇಳ್ತೀರಿ ಅಕ್ಕಾ? ಮನೆಗೆ ಬಂದವರ ಮುಖಕ್ಕೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ? ಮಾನ ಮರ್ಯಾದೆ ಬೇಡವಾ?"

ಆಗ ನಾನು ಮೇಡಂಗೆ ನಮ್ಮ ಬೇಡಗಳನ್ನು ಕಲಿಸಲು ಕೂತೆ. ನೋಡೋಣ ಎಂದರೆ ಬೇಡ. ಮುಂದಿನ ಶುಕ್ರವಾರ ಎಂದರೆ ಬೇಡ. ಮನೆಯವರನ್ನು ಕೇಳಿ ಹೇಳ್ತೀನಿ ಎಂದರೆ ಬೇಡವೇ ಬೇಡ. ನಾಳೆ ಎಂದು ಕಣ್ಣು ತಪ್ಪಿಸಿದರೆ ಖಲಾಸ್, ಮತ್ತೆ ಆ ಮನೆಗೆ ಹೋಗಬಾರದು. ಮೇಡಂ ಇದನ್ನೆಲ್ಲ ಶ್ರದ್ಧೆಯಿಂದ ಕೇಳಿ, ನಾನು ಒಪ್ಪಿಗೆ ಎಂದು ಬರೆದುಕೊಂಡಿದ್ದರಲ್ಲಿ ಅಂಥ ಉತ್ತರ ಬಂದ ಮನೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿದರು. ಬಿಟ್ಟ ಮೇಲೆ ಆ ಮನೆಯವರು, ನಮ್ಮನ್ನು ಯಾಕೆ ಬಿಟ್ಟಿರಿ, ನಮ್ಮ ರಕ್ತ ರಕ್ತವಲ್ಲವೇ ಎಂದು ನನ್ನ ಮೇಲೆ ಮುಖ ಊದಿಸಿಕೊಂಡರು.

ವೈನಿಯ ಸರದಿ ಬಂದಾಗ ಅವರು ರೊಟ್ಟಿ ಬಡಿಯುತ್ತಿದ್ದರು. ನಿಯಮದಂತೆ ನಿಧಾನವಾಗಿ ಹೇಳಿದೆ: ಇದು ನಿಮ್ಮ ಇಚ್ಛೆಗೆ ಬಿಟ್ಟದ್ದು, ಯಾವಾಗ ಬೇಕಾದರೂ ನಡುವೆ ಎದ್ದು ಹೋಗಬಹುದು.

"ನನ್ನ ಮನ್ಯಾಗಿಂದ ನಾ ಎಲ್ಲಿಗೆ ಎದ್ದು ಹೋಗ್ಲಿ? ಹೆಂಚಿನ ಮ್ಯಾಲ ರೊಟ್ಟಿ ಐತಿ" ಎಂದರು ವೈನಿ.

"ನಿಮಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ರಿ ವೈನಿ. ನಂಗೇನೂ ಬೇಜಾರಿಲ್ಲ."

"ನಿನ್ನ ಇಚ್ಛಾನ ನನ್ನ ಇಚ್ಛಾ. ಚುಚ್ಚು, ಆಮ್ಯಾಲ ಬಿಸಿ ರೊಟ್ಟಿ ತಿನ್ನು" ಎಂದು ಹಿಟ್ಟಿನ ಕೈಯನ್ನೇ ಮುಂದೆ ಮಾಡಿದರು. ಕೈ ತೊಳೆಸಿ ಚುಚ್ಚಿದೆ. ವೈನಿಯ ಸಕ್ಕರೆ ಕೂಡ ಏರಿತ್ತು, ನನ್ನದಕ್ಕಿಂತ ಹೆಚ್ಚು. ಪಕ್ಕದಲ್ಲಿ ಕೂತು ಎಲ್ಲ ತಿಳಿಸಿ ಹೇಳಿದೆ, ಯಾವ ಡಾಕ್ಟರ ಬಳಿ ಹೋಗಬೇಕೆಂದೂ ಹೇಳಿದೆ. ಹೆಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿದ್ದರೂ ವೈನಿ ಅತ್ತ ನೋಡಲಿಲ್ಲ. ಕೊನೆಗೆ ನನ್ನ ಮಣಿಕಟ್ಟು ಹಿಡಿದರು.

"ನಿಮ್ಮಣ್ಣಗ ಗೊತ್ತಾಗಬಾರದು. ಗೊತ್ತಾದ್ರ, ಇಲ್ಲಿ ನಿನ್ನ ನೋಡಿಕೊಳ್ಳೋರು ಯಾರು ಅಂತ ನನ್ನ ಊರಿಗೆ ಕಳಿಸಿಬಿಡ್ತಾರ. ಅವರು ಇಲ್ಲಿ, ನಾ ಅಲ್ಲಿ, ಮದಿವಿ ಆದ ಮ್ಯಾಲ ಎಷ್ಟು ವರ್ಷ ಹಂಗ ಕಳದೀನಿ ಅನ್ನೂದು ನಿನಗ ಗೊತ್ತಿಲ್ಲ. ಮತ್ತ ಹೋಗಂಗಿಲ್ಲ ನಾ."

ಅದೇ ವಾರ ಗೋದಾಮಿನಲ್ಲಿ ಅಣ್ಣನ ಬೆರಳು ಚುಚ್ಚಿದೆ. ಪರೀಕ್ಷೆಗೆಂದು ಮೂಟೆಗಳನ್ನು ಗೋಡೆಯಂತೆ ಪೇರಿಸಿ ಒಂದು ಮರೆ ಮಾಡಿಕೊಂಡಿದ್ದೆ. ಯಂತ್ರ ತೋರಿಸಿದ್ದನ್ನು ನೋಡಿ ನಾನೇ ಎರಡನೇ ಸಲ ಚುಚ್ಚಿದೆ. ಮತ್ತೆ ಅದೇ. ಅಣ್ಣ ಮೂಟೆಯ ಆಚೆ ಯಾರಿದ್ದಾರೆಂದು ಇಣುಕಿ ನೋಡಿ ಪಿಸುಗುಟ್ಟಿದರು:

"ನಿಮ್ಮ ವೈನಿಗೆ ಮಾತ್ರ ಹೇಳಬ್ಯಾಡವಾ. ಆಕಿಗೆ ಹೇಳಿದ್ರ ಸಂಜೀಕ ಇಡೀ ಓಲ್ಡ್ ಏರ್‌ಪೋರ್ಟಿಗೆ ಗೊತ್ತಾಗತೈತಿ, ಮರುದಿನ ಮೆಸಯೀದಿಗೆ. ಕಂಪನ್ಯಾಗ ಗೊತ್ತಾದ್ರ ಕ್ರೇನ್ ಇಳಿಸಿ ಸ್ಟೋರಿನ್ಯಾಗ ಕುಂಡ್ರಸ್ತಾರ. ಮ್ಯಾಲ ಕುಂತು ರೂಢಿ ಆಗೇತಿ ನಂಗ. ಕೆಳಗ ಉಸಿರು ಕಟ್ಟತೈತಿ."

ಹೇಳುವುದಿಲ್ಲ ಎಂದೆ. ಅದು ನನ್ನ ಕೆಲಸ, ನನ್ನ ಮಾತು. ಆದರೆ ಮನೆಗೆ ನಡೆದು ಬರುವಾಗ ತಲೆ ಕೆಟ್ಟಿತ್ತು. ಒಂದೇ ಮನೆ, ಒಂದೇ ಕಾಯಿಲೆ, ಒಬ್ಬರಿಗೆ ಇನ್ನೊಬ್ಬರದು ಗೊತ್ತಿಲ್ಲ. ಇಬ್ಬರದೂ ಗೊತ್ತಿರುವವಳು ನಾನೊಬ್ಬಳೇ, ನನ್ನ ಬಾಯಿಗೆ ಬೀಗ.

ಬೇರೆಯವರ ಬಾಯಿಗೆ ಬೀಗ ಇರಲಿಲ್ಲ ಎಂಬುದೇ ಮುಂದಿನ ಫಜೀತಿ. ಮೂಟೆಯ ಮರೆಯಲ್ಲಿ ನಾನು ಗುಟ್ಟಾಗಿ ಹೇಳಿದ್ದನ್ನು ಜನ ಹೊರಗೆ ಬಂದು, ಹತ್ತನೇ ತರಗತಿಯ ಫಲಿತಾಂಶ ಬಂದ ಹಾಗೆ ಸಾರಿದರು. ಹಾಜಿಯವರು ತಮ್ಮ ಸಕ್ಕರೆ ಸರಿಯಾಗಿದೆ ಎಂಬುದನ್ನು ಗಲ್ಲಾದಲ್ಲಿ ಕೂತು ಬೇಳೆ ಕೊಳ್ಳಲು ಬಂದವರಿಗೆಲ್ಲ ಹೇಳಿದರು. ಸಾಲದ್ದಕ್ಕೆ ನನ್ನನ್ನು ಸಾಕ್ಷಿಗೆ ಕರೆದರು.

"ನೀವೇ ಹೇಳಿ ಅಕ್ಕಾ, ನನಗೆ ಎಂತ ಇಲ್ಲ ಅಲ್ವಾ?"

"ಗೊತ್ತಿಲ್ಲ ಹಾಜಿಯವರೆ."

"ಗೊತ್ತಿಲ್ಲವಾ? ನೀವೇ ಅಲ್ವಾ ನಿನ್ನೆ ಹೇಳಿದ್ದು?"

"ನೆನಪಿಲ್ಲ."

ಹಾಜಿಯವರ ಮುಖ ಸಪ್ಪಗಾಯಿತು. ಬೇಳೆ ಕೊಳ್ಳುತ್ತಿದ್ದವರು ಅವರನ್ನು ಕನಿಕರದಿಂದ ನೋಡಿದರು. ನಾನು ಏನು ಮಾಡಲಿ? ಚೆನ್ನಾಗಿರುವವರದ್ದಕ್ಕೆ ಹೌದು ಹೌದು ಎಂದರೆ, ಸುಮ್ಮನಿದ್ದ ಕಡೆಯಲ್ಲೆಲ್ಲ ಕಾಯಿಲೆ ಇದೆ ಎಂದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಎಲ್ಲರ ಬಗ್ಗೆಯೂ ಕಲ್ಲಿನಂತೆ ಇರತೊಡಗಿದೆ. ಯಾರಾದರೂ ನಾನು ಆರಾಮಾಗಿದ್ದೀನಿ ಎಂದರೂ ಹೌದಾ ಎನ್ನುತ್ತಿರಲಿಲ್ಲ. ಈ ಹೆಂಗಸಿಗೆ ಏನೋ ಆಗಿದೆ ಎಂದು ಜನ ಆಡಿಕೊಂಡರು.

ಇನ್ನು ಶುಕ್ರವಾರದ ಊಟದ ಸಂಗತಿ. ಶುಕ್ರವಾರ ಇಲ್ಲಿ ರಜೆ, ಆದರೆ ನನ್ನ ಗಂಡನಿಗೆ ಅವತ್ತೂ ಡ್ಯೂಟಿ. ಒಬ್ಬಳೇ ಏನು ಬೇಯಿಸಿಕೊಳ್ಳುತ್ತೀ ಎಂದು ವೈನಿ ಮೊದಲಿನಿಂದಲೂ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಇದನ್ನೆಲ್ಲ ಬರೆಯಲು ಅಣ್ಣ, ವೈನಿ ಇಬ್ಬರನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಅಣ್ಣ ಬರೀವಾ ಎಂದರು. ವೈನಿಯದು ಒಂದೇ ಷರತ್ತು, ಹೋಳಿಗೆ ಚೆನ್ನಾಗಿತ್ತು ಎಂದು ಬರೆಯಬೇಕು. ಹೋಳಿಗೆ ನಿಜಕ್ಕೂ ಚೆನ್ನಾಗಿತ್ತು. ತೆಳ್ಳಗೆ, ಅಂಚಿನವರೆಗೂ ಹೂರಣ, ಮುಟ್ಟಿದರೆ ಹರಿಯುವಷ್ಟು ಮೃದು. ಕಷ್ಟ ಅದೇ ಆಗಿತ್ತು.

ಪರೀಕ್ಷೆಯ ನಂತರದ ಶುಕ್ರವಾರ ವೈನಿ ಅಣ್ಣನ ತಟ್ಟೆಗೆ ಹೋಳಿಗೆ ಹಾಕಿ, ಅವರ ಮುಖವನ್ನೇ ನೋಡುತ್ತಾ ನಿಂತರು. ತಿನ್ನುತ್ತಾರೋ ಇಲ್ಲವೋ ಎಂಬ ಪರೀಕ್ಷೆ ಅದು. ಅಣ್ಣನಿಗೂ ಅದು ತಿಳಿಯಿತು. ಬೇಡ ಎಂದರೆ ಸಿಕ್ಕಿಬಿದ್ದಂತೆ. ತುಪ್ಪ ಸುರಿದುಕೊಂಡು ತಿಂದು, ಇನ್ನೊಂದು ಹಾಕು ಎಂದರು. ಹಾಕಿದ ವೈನಿಗೆ ಅಣ್ಣ, "ನೀ ಯಾಕ ತಿನ್ನವಲ್ಲಿ?" ಎಂದರು, ಕಣ್ಣು ಕಿರಿದು ಮಾಡಿ. ವೈನಿ ಗಡಬಡಿಸಿ ಒಂದನ್ನು ಹಾಲಿನಲ್ಲಿ ಅದ್ದಿಕೊಂಡರು. ಅವರು ತಿಂದರೆಂದು ಇವರು, ಇವರು ತಿಂದರೆಂದು ಅವರು, ಹಠಕ್ಕೆ ಬಿದ್ದವರಂತೆ ತಿಂದರು. ಕಾಯಿಲೆ ತಿಳಿಯುವ ಮುಂಚೆ ಆ ಮನೆಯಲ್ಲಿ ಅಷ್ಟು ಹೋಳಿಗೆ ಖರ್ಚಾದದ್ದನ್ನು ನಾನು ಕಂಡಿರಲಿಲ್ಲ. ನಡುವೆ ನಾನು. "ನಿನಗೊಂದು" ಎಂದು ಹಾಕಿದ್ದನ್ನು ಬೇಡ ಎನ್ನಲಾಗದೆ ಉಗುಳಿನ ಜೊತೆ ನುಂಗಿದೆ.

ಅಣ್ಣ ಆರೋಗ್ಯ ಕೇಂದ್ರಕ್ಕೆ ಹೋಗಿ ಗುಳಿಗೆ ತಂದಿದ್ದರು. ಅದನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಚ್ಚಿಟ್ಟಿದ್ದರು. ದೋಹಾದ ಬೇಸಿಗೆಯಲ್ಲಿ ಕಾರಿನೊಳಗೆ ಅವರ ಕನ್ನಡಕದ ಫ್ರೇಮೇ ಸೊಟ್ಟಗಾಗಿತ್ತು, ಗುಳಿಗೆಯ ಗತಿ ಏನು ಎಂದು ನಾನು ಗದರಿಸಿದ ಮೇಲೆ ಅದು ಅವರ ಊಟದ ಡಬ್ಬಿಯ ಚೀಲಕ್ಕೆ ಬಂತು. ವೈನಿ ತಮ್ಮದನ್ನು ಎಲ್ಲಿಟ್ಟಿದ್ದರೋ ನನಗೂ ಹೇಳಿರಲಿಲ್ಲ. ಅವರಿಬ್ಬರೂ ದಿನ ಬಿಟ್ಟು ದಿನ ಒಬ್ಬೊಬ್ಬರಾಗಿ ನನ್ನ ಬಳಿ ಬರುತ್ತಿದ್ದರು.

"ನಿಮ್ಮಣ್ಣಗ ಏನಿಲ್ಲಲ್ಲ?"

"ಅವರನ್ನೇ ಕೇಳ್ರಿ ವೈನಿ."

"ನಿಮ್ಮ ವೈನಿ ಆರಾಮ ಅದಾಳಲ್ಲ?"

"ಅವರನ್ನೇ ಕೇಳ್ರಿ ಅಣ್ಣಾ."

ಇಲ್ಲಿಯವರೆಗೆ ನಗುವ ವಿಷಯವೇ. ಆದರೆ ಒಂದು ಶುಕ್ರವಾರ ಅಣ್ಣ ಕುಂಟುತ್ತಾ ಬಂದು ಕೂತರು. ಕೆಲಸದ ಬೂಟು ಹಿಮ್ಮಡಿಗೆ ಕಡಿದಿದೆ, ನಾಲ್ಕು ದಿನದಲ್ಲಿ ಮಾಯುತ್ತದೆ ಎಂದರು. ಮುಂದಿನ ವಾರ ಕಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಅದರ ಮುಂದಿನ ವಾರ ಕಾಲುಚೀಲದ ಮೇಲೆ ಹಸಿ ಕಲೆ ಇತ್ತು. ವೈನಿ ಅರಿಶಿನ ಹಚ್ಚುತ್ತಿದ್ದರು, ಯಾಕೆ ಮಾಯುತ್ತಿಲ್ಲ ಎಂದು ಗಾಬರಿಯಲ್ಲಿದ್ದರು. ಯಾಕೆಂದು ನನಗೆ ಗೊತ್ತಿತ್ತು. ಸಕ್ಕರೆ ಏರಿದವರ ಕಾಲಿನ ಗಾಯ ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ಪಾಠದಲ್ಲಿ ಓದಿದ್ದೆ, ಆಸ್ಪತ್ರೆಯಲ್ಲಿ ಕಂಡಿದ್ದೆ. ನನಗೆ ಭಯವಾಯಿತು, ನಿಜವಾದ ಭಯ.

ಅಣ್ಣನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ವೈನಿಗೆ ಹೇಳಲು ನನಗೆ ಒಪ್ಪಿಗೆ ಕೊಡಿ, ಗಾಯಕ್ಕೆ ಡಾಕ್ಟರ ಬಳಿ ಹೋಗಿ ಎಂದು ಬೇಡಿಕೊಂಡೆ. "ಬ್ಯಾಡ" ಎಂದರು. ವೈನಿಯನ್ನು ಅಡುಗೆಮನೆಯಲ್ಲಿ ಹಿಡಿದು, ನಿಮ್ಮದನ್ನು ಅಣ್ಣನಿಗೆ ಹೇಳಿಬಿಡಿ, ಒಬ್ಬರು ಬಾಯಿ ಬಿಟ್ಟರೆ ಮನೆಯಲ್ಲಿ ಎಷ್ಟೋ ಹಗುರಾಗುತ್ತದೆ ಎಂದೆ. "ಬ್ಯಾಡ" ಎಂದರು. ಇಡೀ ಅಧ್ಯಯನದಲ್ಲಿ ನನಗೆ ಸಿಕ್ಕ ಸ್ಪಷ್ಟವಾದ ಬೇಡಗಳು ಅವೆರಡೇ. ಮೇಡಂ ಕೇಳಿದ್ದರೆ ಸಂತೋಷಪಡುತ್ತಿದ್ದರು.

ಮೇಡಂ ಬಳಿಗೂ ಹೋದೆ. ಹೆಸರು ಹೇಳದೆ ಕಥೆ ಹೇಳಿದೆ. ಅಪಾಯವಿದ್ದರೆ ನಮ್ಮ ಅಧ್ಯಯನದ ಡಾಕ್ಟರು ಅವರೊಡನೆ ನೇರವಾಗಿ ಮಾತಾಡಬಹುದು, ಅಷ್ಟಕ್ಕೆ ದಾರಿ ಇದೆ ಎಂದರು. ಆ ಡಾಕ್ಟರಿಗೆ ಮಾತ್ರ ಹೆಸರು ತಿಳಿಸಿದೆ, ಅವರು ಫೋನ್ ಮಾಡಿದರು. ಅಣ್ಣ, "ಹೌದು ಸರ್, ನಾಳೆ ಬರ್ತೀನಿ ಸರ್" ಎಂದರಂತೆ. ಬರುತ್ತಾರೆ ಎಂದು ಡಾಕ್ಟರು ನಂಬಿದರು. ನಾನು ನಂಬಲಿಲ್ಲ.

"ಹೆಂಡತಿಗೆ ಒಂದು ಮಾತು ಹೇಳಿದರೆ ಆ ಕಾಲು ಉಳಿಯುತ್ತದೆ ಮೇಡಂ" ಎಂದೆ, ಸಿಟ್ಟಿನಿಂದಲೇ.

"ಉಳಿಯಬಹುದು. ಆಮೇಲೆ ನಿಮ್ಮ ಬಳಿ ಯಾರೂ ಕಾಲು ತೋರಿಸುವುದಿಲ್ಲ" ಎಂದರು ಮೇಡಂ. ಅವರ ಮುಖದಲ್ಲೂ ನಗುವಿರಲಿಲ್ಲ. ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ.

ಮುಂದಿನ ಶುಕ್ರವಾರ ಶೇಂಗಾ ಹೋಳಿಗೆ. ಅಣ್ಣನ ಕಾಲು ಸ್ಟೂಲಿನ ಮೇಲೆ, ಮೇಲೊಂದು ಟವೆಲ್ ಮುಚ್ಚಿತ್ತು. ವೈನಿ ಬಡಿಸಿದರು, ಅಣ್ಣ ತುಪ್ಪದ ಬಟ್ಟಲಿಗೆ ಕೈ ಹಾಕಿದರು, ವೈನಿ ತಮಗೂ ಒಂದು ಹಾಕಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಆ ನಗು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ನನ್ನ ತಟ್ಟೆಗೂ ಒಂದು ಬಂದು ಬಿತ್ತು.

"ತಗೀರಿ ಇದನ್ನ" ಎಂದೆ. ತಟ್ಟೆ ದೂಡಿದ ರಭಸಕ್ಕೆ ನೀರಿನ ಲೋಟ ಮಗುಚಿತು. "ನಂಗ ಸಕ್ಕರಿ ಕಾಯಿಲೆ ಐತಿ. ನಾ ತಿನ್ನಂಗಿಲ್ಲ."

ಇದನ್ನು ಯೋಚಿಸಿ ಹೇಳಿದೆನೆಂದು ಹೆಮ್ಮೆಪಡುವಂತಿಲ್ಲ. ಸಿಟ್ಟಿನಲ್ಲಿ ಬಂದ ಮಾತು. ಆಮೇಲೆ ಹೊಳೆಯಿತು, ಆ ಮೇಜಿನ ಸುತ್ತ ಇದ್ದ ಮೂರು ಗುಟ್ಟುಗಳಲ್ಲಿ ಹೇಳುವ ಅಧಿಕಾರ ನನಗಿದ್ದದ್ದು ಆ ಒಂದಕ್ಕೇ.

ವೈನಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಯಾವಾಗಿಂದ?"

"ಗೋದಾಮಿನ್ಯಾಗ ಬೆರಳು ಚುಚ್ಚಿಕೊಂಡ ದಿನದಿಂದ."

"ಮತ್ತ ಇಷ್ಟು ದಿನ ನನ್ನ ಕೈಲೆ ಹೋಳಿಗಿ ತಿಂದಿ?"

"ನೀವು ಪ್ರೀತಿಲೆ ಹಾಕ್ತಿದ್ರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಅಣ್ಣನ ಬೆರಳಿನಿಂದ ತುಪ್ಪ ಮೇಜಿನ ಮೇಲೆ ತೊಟ್ಟಿಕ್ಕಿತು. ಅವರು ಅದನ್ನೇ ನೋಡುತ್ತಾ, ಮೆಲ್ಲಗೆ, ಹವಾಮಾನ ಕೇಳುವವರಂತೆ ಕೇಳಿದರು: "ಗುಳಗಿ ಯಾವುದು ಕೊಟ್ಟಾರ?"

ಹೆಸರು ಹೇಳಿದೆ.

"ಬೆಳ್ಳಗ, ಉದ್ದಕ? ನುಂಗಾಕ ಗಂಟಲಿಗೆ ಸಿಗಿಬೀಳತೈತಿ?"

"ಹೌದು."

"ನಂದೂ ಅದ" ಎಂದರು ಅಣ್ಣ.

ನಾನು ವೈನಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಕುರ್ಚಿ ಸರಿದ ಸದ್ದಾಯಿತು, ಅವರು ಒಳಗೆ ಹೋದರು. ಅಳುತ್ತಾರೆ ಎಂದುಕೊಂಡೆ. ಅಣ್ಣ ಟವೆಲ್ಲಿನ ಅಂಚನ್ನು ಎಳೆದು ಎಳೆದು ಸರಿ ಮಾಡಿದರು. ವೈನಿ ಹೊರಗೆ ಬಂದದ್ದು ಜೋಳದ ಹಿಟ್ಟಿನ ಡಬ್ಬಿ ಹಿಡಿದುಕೊಂಡು. ಅದನ್ನು ಹೋಳಿಗೆಗಳ ನಡುವೆ ಇಟ್ಟು, ಮೊಣಕೈವರೆಗೂ ಹಿಟ್ಟಿನೊಳಗೆ ಕೈ ಹಾಕಿ, ತಡಕಿ ತಡಕಿ, ಒಂದು ಗುಳಿಗೆ ಪಟ್ಟಿ ಎಳೆದು ಮೇಜಿನ ಮೇಲೆ ಕೊಡವಿದರು.

"ಇದ ಏನು ನೋಡ್ರಿ" ಎಂದರು.

ಅದೇ ಆಗಿತ್ತು. ಮೂವರೂ ಅದನ್ನು ನೋಡುತ್ತಾ ಕೂತೆವು. ಮೊದಲು ನಕ್ಕವರು ಅಣ್ಣ. ಹೊಟ್ಟೆ ಹಿಡಿದು ನಕ್ಕರು, ಸ್ಟೂಲು ಅಲುಗಾಡಿ ಕಾಲು ನೊಂದು, ಅಯ್ಯಯ್ಯೋ ಎನ್ನುತ್ತಾ ಮತ್ತೆ ನಕ್ಕರು. ವೈನಿ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ, ಮುಖದ ತುಂಬ ಹಿಟ್ಟು. ನಾನೂ ನಕ್ಕೆ. ನಕ್ಕದ್ದು ತಪ್ಪಾಯಿತು. ವೈನಿ ತಟ್ಟನೆ ನನ್ನ ಕಡೆ ತಿರುಗಿದರು.

"ನಿಮ್ಮಣ್ಣಗ ಐತಿ ಅನ್ನೂದು ನಿನಗ ಗೊತ್ತಿತ್ತು?"

ನಾನು ಮಗುಚಿದ್ದ ಲೋಟವನ್ನು ಎತ್ತಿ ನಿಲ್ಲಿಸಿದೆ.

"ಈಗ ಅವರ ಹೇಳ್ಯಾರಲ್ಲ. ಬಾಯಿ ಬಿಡು."

"ಅವರು ಹೇಳಿದ್ದು ಅವರ ಮಾತು ವೈನಿ."

"ಹೇಳವಾ ತಂಗಿ, ನಂದೇನೂ ಅಡ್ಡಿ ಇಲ್ಲ" ಎಂದರು ಅಣ್ಣ, ಕಣ್ಣೊರೆಸಿಕೊಂಡು. ಆಗ, ಗೊತ್ತಿತ್ತು ಎಂದೆ.

ವೈನಿ ಟವೆಲ್ ಎತ್ತಿ ಆ ಹಿಮ್ಮಡಿಯನ್ನು ನೋಡಿದರು. ಅರಿಶಿನದ ಅಡಿಯಲ್ಲಿ ಅದು ಕಪ್ಪಗಾಗಿತ್ತು. ಅಣ್ಣನಿಗೆ ಚಪ್ಪಲಿ ಹಾಕಿಸಿದರು, ಕಾರಿನ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು, ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಕೆಟ್ಟ ಮಾಂಸ ಕತ್ತರಿಸಿ ತೆಗೆದು ಮಲಗಿಸಿದರು. ಕಾಲು ಉಳಿಯಿತು. ಕಂಪನಿಯವರು ಗಾಯ ಮಾಯುವ ತನಕ ಅಣ್ಣನನ್ನು ಸ್ಟೋರಿನಲ್ಲಿ ಕೂರಿಸಿ, ಸಕ್ಕರೆ ಹತೋಟಿಗೆ ಬಂದ ಮೇಲೆ ಕ್ರೇನಿಗೆ ಕಳಿಸಿದರು. ವೈನಿಯನ್ನು ಊರಿಗೆ ಕಳಿಸುವ ಮಾತನ್ನು ಅಣ್ಣ ಎತ್ತಲೇ ಇಲ್ಲ. ಅವರ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವರು ಯಾರು ಮತ್ತೆ?

ನನ್ನ ಜೊತೆ ಮಾತ್ರ ವೈನಿಯ ಮಾತು ನಿಂತಿತು. ಲಿಫ್ಟಿನಲ್ಲಿ ಸಿಕ್ಕರೆ ನಂಬರುಗಳನ್ನು ನೋಡುತ್ತಿದ್ದರು. ಶುಕ್ರವಾರ ಮೇಲಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ನಾನು ಮೊಸರನ್ನ ಕಲಸಿಕೊಂಡು ತಿಂದೆ. ನಿಯಮ ಪಾಲಿಸಿದೆ ಎಂದು ಎಷ್ಟು ಹೇಳಿಕೊಂಡರೂ ಆ ಮೊಸರನ್ನ ಇಳಿಯುತ್ತಿರಲಿಲ್ಲ. ಬಹಳ ಬೇಜಾರಾಯಿತು, ಅದನ್ನು ಮುಚ್ಚಿಡುವುದೇಕೆ.

ಒಂದು ಮಧ್ಯಾಹ್ನ ಬಾಗಿಲು ಬಡಿಯಿತು. ವೈನಿ. ಒಳಗೆ ಬಂದರು, ಕೂರಲಿಲ್ಲ.

"ಒಂದು ಮಾತು ಕೇಳಾಕ ಬಂದೀನಿ. ಖರೇ ಹೇಳಬೇಕು. ಅವತ್ತು ನಿನಗ ಸಿಟ್ಟು ಬರಲಿಲ್ಲ ಅಂದಿದ್ರ, ನೀನೂ ಸುಮ್ನ ತಿಂದು ಎದ್ದಿದ್ರ, ಅವರ ಕಾಲು ಹೋಗ್ತಿತ್ತು. ಆಗರ ನಂಗ ಹೇಳ್ತಿದ್ಯಾ?"

ಹೇಳುತ್ತಿದ್ದೆ ಎನ್ನಲು ನಾಲಿಗೆಯ ತುದಿಯವರೆಗೂ ಬಂತು. ಹಾಗೆಂದರೆ ಎಲ್ಲ ಸರಿಹೋಗುತ್ತಿತ್ತು, ಮುಂದಿನ ಶುಕ್ರವಾರ ರೊಟ್ಟಿಗೆ ಕರೆಯುತ್ತಿದ್ದರು.

"ಇಲ್ಲ ವೈನಿ. ಅವರಿಗೆ ದಿನಾ ಹೇಳ್ತಿದ್ದೆ, ಕಾಲಿಗೆ ಬೀಳ್ತಿದ್ದೆ. ನಿಮಗ ಹೇಳ್ತಿದ್ದಿಲ್ಲ."

"ಅವರ ಜೀವ ಹೋಗಿದ್ರ? ಆಮ್ಯಾಲರ?"

"ಆಮ್ಯಾಲೂ ಇಲ್ಲ."

ವೈನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿ ಎಂದು ಕಾದೆ. ಅವರು ಹಿಂದಕ್ಕೆ ಹೋಗಿ ಬಾಗಿಲ ಚಿಲಕ ಹಾಕಿದರು, ಒಳಗೆ ನನ್ನ ಗಂಡ ಇಲ್ಲವೆಂದು ಇಣುಕಿ ನೋಡಿದರು, ಸೋಫಾದ ಮೇಲೆ ಕೂತು ಪಕ್ಕದ ಜಾಗ ತಟ್ಟಿದರು.

"ಹಂಗಾರ ಇಲ್ಲಿ ಕುಂಡ್ರು. ಒಂದು ಸಂಗತಿ ಐತಿ. ಮದಿವಿ ಮುಂಚಿನದು. ಹಡದಾಕಿಗೂ ಹೇಳಿಲ್ಲ, ನಿಮ್ಮಣ್ಣಗೂ ಹೇಳಿಲ್ಲ. ಹೇಳೂವಂಥವರು ಇಷ್ಟು ದಿನ ಯಾರೂ ಸಿಕ್ಕಿದ್ದಿಲ್ಲ."

ಕೂತೆ. ಅವರು ಹೇಳತೊಡಗಿದರು. ಸಂಜೆ ಗಂಡ ಮನೆಗೆ ಬಂದು ನನ್ನ ಮುಖ ನೋಡಿ, ಏನಾಯ್ತು, ಏನಾಯ್ತು ಎಂದು ಊಟ ಮುಗಿಯುವ ತನಕ ಪೀಡಿಸಿದ. ಅವನು ಈಗಲೂ ಕೇಳುತ್ತಾನೆ.